ಬಾಗಿಲಿಗೆ ಮುಖ ಮಾಡಿದ ಕುರ್ಚಿ

ಜೂನ್ ೮, ಭಾನುವಾರ

ಪ್ರೀತಿಯ ಅಕ್ಕಾ,

ನಿನ್ನ ಕಾಗದ ಬಂದು ತಿಂಗಳಾಗುತ್ತಾ ಬಂತು. ಫ್ರಿಜ್ಜಿನ ಮೇಲೆ ಇಟ್ಟುಕೊಂಡು ದಿನಾ ಅದರ ಮುಖ ನೋಡುತ್ತಿದ್ದೇನೆ, ಅದೂ ನನ್ನ ಮುಖ ನೋಡುತ್ತಿದೆ. ಬೈಯಬೇಡ. ಬರೆಯಲು ಕೂತರೆ ಮೊದಲ ಸಾಲಿನಲ್ಲೇ ಬೇಡದ್ದೆಲ್ಲ ಹೊರಗೆ ಬಂದುಬಿಡುತ್ತದೆ ಎಂಬ ಭಯಕ್ಕೆ ಮುಂದೂಡುತ್ತಾ ಬಂದೆ. ಫೋನಿನಲ್ಲೇ ಹೇಳೋಣವೆಂದರೆ ಪೊಲೀಸಿನವರ ಮನೆಯಲ್ಲಿ ಅದು ಆಗುವ ಮಾತಾ? ಇವರು ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಾ ಕೂತಿದ್ದರೂ, ನಾನು ದನಿ ತಗ್ಗಿಸಿದ ಕೂಡಲೇ ಪುಟ ತಿರುಗಿಸುವ ಸದ್ದು ನಿಂತುಹೋಗುತ್ತದೆ. ಅದಕ್ಕೇ ಈ ಕಾಗದ.

ನಿನ್ನ ಮಂಡಿನೋವು ಹೇಗಿದೆ? ಭಾವ ಬೆಳಗಿನ ನಡಿಗೆ ಬಿಟ್ಟಿಲ್ಲ ತಾನೆ? ಇಲ್ಲಿ ಶಾಲೆಗಳು ಶುರುವಾಗುವ ಸಮಯ, ನಮ್ಮ ಕನ್ನಡಕದ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಬೆಳಗಿಂದ ಸಂಜೆಯವರೆಗೆ ಮಕ್ಕಳ ಮೂಗಿನ ಮೇಲೆ ಅಳತೆಪಟ್ಟಿ ಹಿಡಿದು "ನನ್ನ ಕಣ್ಣನ್ನೇ ನೋಡು ಮರಿ, ಆ ಕಡೆ ಈ ಕಡೆ ಬೇಡ" ಅನ್ನುವುದೇ ಕೆಲಸ. ಎರಡು ಕಣ್ಣುಗುಡ್ಡೆಗಳ ನಡುವೆ ಎಷ್ಟು ದೂರವಿದೆ ಎಂದು ಅಳೆದರೆ ತಾನೇ ಗಾಜನ್ನು ಸರಿಯಾದ ಜಾಗಕ್ಕೆ ಕೂರಿಸುವುದು. ಒಮ್ಮೊಮ್ಮೆ ನಗು ಬರುತ್ತದೆ. ಊರಿನವರೆಲ್ಲ ಬಂದು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಹೋಗುತ್ತಾರೆ, ಕಟ್ಟಿಕೊಂಡವರೊಬ್ಬರನ್ನು ಬಿಟ್ಟು.

ಇವರ ಕುರ್ಚಿಯ ವಿಷಯ ನಿನಗೆ ಗೊತ್ತೇ ಇದೆ. ನಮ್ಮ ಊಟದ ಮೇಜು ಮುಂಬಾಗಿಲಿಗೆ ನೇರವಾಗಿ ನಡುಮನೆಯಲ್ಲಿದೆಯಲ್ಲ, ಅದರಲ್ಲಿ ಬಾಗಿಲಿಗೆ ಮುಖ ಮಾಡಿದ ಕುರ್ಚಿ ಇವರದು. ಮದುವೆಯಾದ ಹೊಸದರಲ್ಲಿ ಒಂದು ದಿನ ಗೊತ್ತಿಲ್ಲದೆ ನಾನು ಅಲ್ಲಿ ಕೂತೆ. ಇವರು ತಟ್ಟೆ ಕೈಯಲ್ಲಿ ಹಿಡಿದು, ಬಸ್ಸಿನಲ್ಲಿ ಸೀಟು ಸಿಗದವರ ಹಾಗೆ ನಿಂತೇ ಇದ್ದರು. "ಕೂತ್ಕೊಳ್ಳಿ" ಅಂದರೆ "ನೀನು ಆ ಕಡೆ ಬಾ" ಅಂದರು. ಅವತ್ತಿನಿಂದ ಬಾಗಿಲಿಗೆ ಬೆನ್ನು ಕೊಟ್ಟು ಕೂರುವುದು ನನ್ನ ಪಾಲಿಗೆ ಬಂತು. "ತರಬೇತಿಯಲ್ಲಿ ಮೊದಲ ದಿನ ಕಲಿಸೋದೇ ಇದು ಕಣೇ, ಬಾಗಿಲಿಗೆ ಬೆನ್ನು ಕೊಡಬಾರದು" ಅನ್ನುತ್ತಾರೆ. ನನ್ನ ಬೆನ್ನಾದರೆ ಕೊಡಬಹುದಂತೆ!

ಹೋಟೆಲಿಗೆ ಹೋದರೂ ಅಷ್ಟೇ. ಮೊದಮೊದಲು ನನಗಿದು ಅರ್ಥವಾಗದೆ ಎಷ್ಟು ಉರಿದುಕೊಂಡಿದ್ದೇನೆ! ನಾನು ಮಾತಾಡುತ್ತಿದ್ದರೆ ಇವರ ಕಣ್ಣು ನನ್ನ ಭುಜದ ಮೇಲಿಂದ ಹಿಂದಕ್ಕೆ ಹೋಗುತ್ತಿತ್ತು. ಯಾವಳೋ ಕೂತಿದ್ದಾಳೆ, ಅವಳನ್ನೇ ನೋಡುತ್ತಿದ್ದಾರೆ ಎಂದುಕೊಂಡು ಒಂದು ದಿನ ತಡೆಯಲಾರದೆ ಸರ್ರನೆ ತಿರುಗಿದೆ. ಹಿಂದೆ ಒಬ್ಬ ದಪ್ಪ ಗಂಡಸು ಕೊಡೆ ಮಡಚುತ್ತಾ ನಿಂತಿದ್ದ, ನನ್ನ ಮುಖ ನೋಡಿ ಪಾಪ ಹೆದರಿಹೋದ. "ಅವನ ಬಲಗೈ ಕೊಡೆಯೊಳಗೆ ಯಾಕಿತ್ತು ಅಂತ ನೋಡ್ತಿದ್ದೆ" ಅಂದರು ಇವರು.

ರಸ್ತೆಯಲ್ಲಿ ನಾನು ಯಾವಾಗಲೂ ಇವರ ಎಡಗಡೆ ನಡೆಯಬೇಕು, ಬಲಗೈ ಖಾಲಿ ಇರಬೇಕಂತೆ. ಹೀಗಾಗಿ ಇವರ ಬಲಗೈ ಹಿಡಿದು ನಡೆದವಳಲ್ಲ ನಾನು. ಚೀಲ, ಮಗಳು, ಹೆಂಡತಿ, ಎಲ್ಲವೂ ಎಡಗೈಗೇ. ಕ್ಷೌರದಂಗಡಿಯಲ್ಲಿ ಕೂಡ ಕಣ್ಣು ಮುಚ್ಚುವುದಿಲ್ಲ, ಕನ್ನಡಿಯಲ್ಲಿ ಬಾಗಿಲು ನೋಡುತ್ತಾ ಕೂತಿದ್ದು ಕಣ್ಣೊಳಗೆ ಕೂದಲು ಬಿದ್ದು ಉಜ್ಜಿಕೊಳ್ಳುತ್ತಾ ಮನೆಗೆ ಬರುತ್ತಾರೆ. ಹೋದ ವರ್ಷ ಓದುವ ಕನ್ನಡಕಕ್ಕೆ ಅಳತೆ ತೆಗೆಯಲು ಅಂಗಡಿಗೆ ಕರೆದುಕೊಂಡು ಹೋದೆ. "ನನ್ನ ಕಣ್ಣನ್ನೇ ನೋಡಿ" ಅಂದೆ. ನೋಡಿದ ಹಾಗೆ ಮಾಡಿದರು. ಕನ್ನಡಕ ಬಂದ ಮೇಲೆ ಒಂದೇ ಸಮ ತಲೆನೋವು. ಮತ್ತೆ ಅಳೆದರೆ, ಮೊದಲ ಅಳತೆ ದೂರ ನೋಡುವವರ ಅಳತೆಯಾಗಿತ್ತು! ಹತ್ತಿರ ನೋಡುವಾಗ ಕಣ್ಣುಗುಡ್ಡೆಗಳು ಒಳಕ್ಕೆ ಸರಿಯುತ್ತವೆ ಅಕ್ಕಾ. ನನ್ನ ಮೂಗಿನ ಮುಂದೆ ಕೂತು ಇವರು ನೋಡಿದ್ದು ಅಂಗಡಿಯ ಬಾಗಿಲನ್ನು. ಮಾಲೀಕರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ಇನ್ನೇನು ಮಾಡಲಿ.

ಭಾವ ಆ ಸಲ ಹಿಂದಿನಿಂದ ಬಂದು ಇವರನ್ನು ಅಪ್ಪಿಕೊಳ್ಳಲು ಹೋಗಿ ಕೈ ತಿರುವಿಸಿಕೊಂಡದ್ದನ್ನಂತೂ ಮತ್ತೆ ನೆನಪಿಸುವುದಿಲ್ಲ.

ಇದೆಲ್ಲ ಹಳೆಯ ಗೋಳು, ಒಗ್ಗಿಹೋಗಿತ್ತು. ಈಗ ಹೊಸದನ್ನು ಹೇಳುತ್ತೇನೆ. ಇವರ ಜೊತೆ ಗಸ್ತಿಗೆ ಹೋಗುತ್ತಿದ್ದ ಡುಮ್ಮಣ್ಣ ನಿವೃತ್ತಿಯಾದರು. ಅವರ ಜಾಗಕ್ಕೆ ಒಬ್ಬಳು ಬಂದಿದ್ದಾಳೆ. ಹೌದು, ಹೆಂಗಸು. ನನಗಿಂತ ಚಿಕ್ಕವಳು. ಬೆಳಗಿಂದ ಸಂಜೆಯವರೆಗೆ ಒಂದೇ ಗಾಡಿಯಲ್ಲಿ ಅಕ್ಕಪಕ್ಕ ಕೂತು ಸುತ್ತುತ್ತಾರೆ. ಮನೆಯಲ್ಲಿ ಇವರು ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ, "ನನ್ನ ಜೊತೆಯವಳು" ಅನ್ನುತ್ತಾರೆ. ನಾನು ಮತ್ತೆ ಯಾರು? ಎದುರಿನವಳಾ?

ಅವಳ ಫೋನು ಬಂದರೆ ಇವರು ಆಡುವ ಮಾತು ಕೇಳಬೇಕು ನೀನು. "ಹ್ಞೂಂ. ಎಡಕ್ಕೆ. ಇಲ್ಲ, ಅವನಲ್ಲ. ಸರಿ." ಅಷ್ಟಕ್ಕೆ ಇಬ್ಬರಿಗೂ ಎಲ್ಲ ಅರ್ಥವಾಗಿರುತ್ತದೆ. ನಾನು ಒಂದು ವಿಷಯ ಹೇಳಲು ಹೊರಟರೆ ಕಥೆಯ ಬುಡದಿಂದ ಹೇಳಬೇಕು, ಅದರ ನಡುವೆ "ಆಗ ಟೈಮ್ ಎಷ್ಟು? ಅವರು ಯಾವ ಬಣ್ಣದ ಅಂಗಿ ಹಾಕಿದ್ರು?" ಎಂಬ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅವಳಿಗೆ ಅರ್ಧ ಮಾತು ಸಾಕು. ನನಗೆ ಈ ಅರ್ಧ ಮಾತು ಕಂಡರೆ ಮೈಯೆಲ್ಲ ಉರಿಯುತ್ತದೆ.

ಇಷ್ಟಾದರೂ ಸುಮ್ಮನಿದ್ದೆ. ಹೋದ ತಿಂಗಳು ಒಂದು ಮಧ್ಯಾಹ್ನ ಬಸ್ಸಿನಲ್ಲಿ ಬರುತ್ತಿದ್ದೆ. ಸೇತುವೆಯ ಪಕ್ಕದ ಟೀ ಗಾಡಿಯ ಹತ್ತಿರ ಇವರ ಗಸ್ತಿನ ಗಾಡಿ ನಿಂತಿತ್ತು. ಇವರು ಗಾಡಿಗೆ ಒರಗಿ, ಒಂದು ಕೈಯಲ್ಲಿ ಟೀ ಲೋಟ ಹಿಡಿದು, ಬಿಸಿಲಿಗೆ ಮುಖವೆತ್ತಿ ನಿಂತಿದ್ದರು. ಪಕ್ಕದಲ್ಲೇ ಅವಳು. ಅಕ್ಕಾ, ಇವರು ಕಣ್ಣು ಮುಚ್ಚಿದ್ದರು. ನಡುರಸ್ತೆಯಲ್ಲಿ! ಕ್ಷೌರದಂಗಡಿಯಲ್ಲಿ ಮುಚ್ಚದ ಕಣ್ಣು, ನನ್ನ ಪಕ್ಕದಲ್ಲಿ ಕೂತು ಸಿನಿಮಾ ನೋಡುವಾಗಲೂ ಒಂದು ಕ್ಷಣ ಮುಚ್ಚದ ಕಣ್ಣು. ಮುಖದಲ್ಲಿ ಎಂಥ ನೆಮ್ಮದಿ ಅಂತೀಯ. ಆ ಮುಖವನ್ನು ನಾನು ಇವತ್ತಿನವರೆಗೆ ನೋಡಿಲ್ಲ. ಹೆಂಡತಿಯಾದವಳು ಅದನ್ನು ಮೊದಲ ಸಲ ಬಸ್ಸಿನ ಕಿಟಕಿಯಿಂದ ನೋಡಬೇಕಾ? ನನ್ನ ನಿಲ್ದಾಣ ದಾಟಿ ಎಲ್ಲೋ ಹೋಗಿ ಇಳಿದು, ನಡೆದುಕೊಂಡು ಬಂದೆ.

ಆಮೇಲೆ ನಾನೂ ತನಿಖೆಗೆ ಇಳಿದೆ. ಇವರೇ ಕಲಿಸಿದ ವಿದ್ಯೆ. "ಸುಳ್ಳು ಹೇಳೋನು ಎಷ್ಟು ಸಲ ಕೇಳಿದ್ರೂ ಪಾಠ ಒಪ್ಪಿಸಿದ ಹಾಗೆ ಒಂದೇ ಥರ ಹೇಳ್ತಾನೆ. ನಿಜ ಹೇಳೋನಿಗೆ ಒಂದೊಂದು ಸಲ ಒಂದೊಂದು ನೆನಪಾಗುತ್ತೆ" ಎಂದು ಇವರು ಯಾವಾಗಲೋ ಹೇಳಿದ್ದರು. ಸಂಜೆ ಬಂದ ಕೂಡಲೇ "ಮಧ್ಯಾಹ್ನ ಟೀ ಎಲ್ಲಿ ಕುಡಿದ್ರಿ?" ಅಂದೆ. "ಸೇತುವೆ ಹತ್ತಿರ" ಅಂದರು. ಮಾರನೆಯ ದಿನ ಬೂಟು ಹಾಕುವಾಗ ಮತ್ತೆ ಕೇಳಿದೆ. "ಸೇತುವೆ ಹತ್ತಿರ, ಮಹರಾಯ ಸಕ್ಕರೆ ಸುರಿದಿದ್ದ" ಅಂದರು. ಇನ್ನೊಂದು ದಿನ ಬಟ್ಟೆ ಮಡಚುತ್ತಾ ಏನೂ ಗೊತ್ತಿಲ್ಲದವಳ ಹಾಗೆ ಕೇಳಿದೆ. "ನಾನೊಬ್ಬನೇ ಕುಡಿದೆ, ಅವಳಿಗೆ ಎದೆಯುರಿ" ಅಂದರು. ಇವರ ಲೆಕ್ಕದಲ್ಲೇ ಇದು ನಿಜ. ಆದರೆ ನಿಜದಿಂದ ನನಗೇನು ಸುಖವಾಯಿತು? ಅವಳಿಗೆ ಎದೆಯುರಿ ಇರುವುದು ಇವರಿಗೆ ಗೊತ್ತು, ಪಾಪ ಅನ್ನಿಸುತ್ತದೆ. ನನಗೆ ತಲೆನೋವು ಬಂದರೆ "ಯಾವಾಗಿಂದ? ಶುರುವಾದಾಗ ಎಲ್ಲಿದ್ದೆ?" ಎಂದು ಕೇಳುತ್ತಾರೆ.

ಕೊನೆಗೆ ಇವರೇ ಹುಬ್ಬೇರಿಸಿ "ಏನೇ ಇದು, ವಿಚಾರಣೆಯಾ? ಬಾಗಿಲಿಗೆ ಅಡ್ಡ ಬೇರೆ ನಿಂತಿದ್ದೀಯ" ಅಂದರು. ನೋಡಿಕೊಂಡೆ, ನಿಜವಾಗಿ ಅಡ್ಡ ನಿಂತಿದ್ದೆ. ಯಾವಾಗ ಹೋಗಿ ನಿಂತೆನೋ ನನಗೇ ಗೊತ್ತಿಲ್ಲ.

ನಿನ್ನ ಹಿಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ನು ಇದೆಯಲ್ಲ, ಅದನ್ನು ಸ್ವಲ್ಪ ಸರಿಸಿ ಒಂದು ಮಂಚಕ್ಕೆ ಜಾಗ ಮಾಡಿಡು. ತಮಾಷೆಗೆ ಬರೆಯುತ್ತಿಲ್ಲ. ನನ್ನ ಅನುಮಾನ ನಿಜವಾದರೆ ಈ ಮನೆಯಲ್ಲಿ ಒಂದು ದಿನವೂ ಇರುವವಳಲ್ಲ ನಾನು. ಚಿಕ್ಕವಳಿದ್ದಾಗ ನೀನು ಪಕ್ಕದ ಮನೆಯವಳ ಕೈ ಹಿಡಿದು ಶಾಲೆಗೆ ಹೊರಟರೆ ನಾನು ರಸ್ತೆಯ ಮಧ್ಯೆ ಕೂತುಬಿಡುತ್ತಿದ್ದೆನಲ್ಲ, ಆ ಬುದ್ಧಿ ಎಲ್ಲೂ ಹೋಗಿಲ್ಲ. ಏನು ಮಾಡಲಿ ಹೇಳು.

ನಿನ್ನ ಮೊಮ್ಮಗುವಿನ ಎರಡೂ ಕೆನ್ನೆಗೆ ನನ್ನ ಮುತ್ತು ಕೊಡು. ನಿನ್ನ ಕೈ ನನ್ನ ತಲೆಯ ಮೇಲಿರಲಿ.

ನಿನ್ನ
ಮೆಣಸಿನಕಾಯಿ

ಮರೆತ ಮಾತು: ಈ ಕಾಗದ ಭಾವನ ಕೈಗೆ ಸಿಗದ ಹಾಗೆ ನೋಡಿಕೋ. ಕೈ ತಿರುವಿಸಿಕೊಂಡ ಸಿಟ್ಟಿಗೆ ಅವರು ನನ್ನ ಪಕ್ಷ ವಹಿಸಿಬಿಟ್ಟಾರು.


ಜುಲೈ ೬, ಭಾನುವಾರ

ಪ್ರೀತಿಯ ಅಕ್ಕಾ,

ಈ ಸಲವೂ ತಡ, ಈ ಸಲವೂ ಬೈಗುಳಕ್ಕೆ ತಯಾರಾಗಿದ್ದೇನೆ. ನಾನು ಪುಟಗಟ್ಟಲೆ ಅತ್ತುಕೊಂಡರೆ ನೀನು ಬರೆದದ್ದು ಎರಡು ಸಾಲು. "ಅವಳನ್ನು ಊಟಕ್ಕೆ ಕರಿ. ಕಣ್ಣು ನೋಡುವುದು ನಿನ್ನ ಕಸುಬು ತಾನೆ, ನೋಡು." ಓದಿ ಮೊದಲು ಸಿಟ್ಟು ಬಂತು. ಆಮೇಲೆ ನೀನು ಹೇಳಿದಂತೆಯೇ ಮಾಡಿದೆ. ಹೋದ ಭಾನುವಾರ ಅವಳು ನಮ್ಮ ಮನೆಗೆ ಊಟಕ್ಕೆ ಬಂದಿದ್ದಳು. ಅದನ್ನೇ ಬರೆಯಲು ಕೂತಿದ್ದೇನೆ. ಈಗ ಬೆಳಗಿನ ಹೊತ್ತು, ಇವರು ಗಾಡಿ ತೊಳೆಯುತ್ತಿದ್ದಾರೆ, ಅಡುಗೆಗೆ ಇನ್ನೂ ಸಮಯವಿದೆ.

"ನಿಮ್ಮ ಜೊತೆಯವಳನ್ನ ಒಂದಿನ ಊಟಕ್ಕೆ ಕರೀರಿ" ಅಂದಾಗ ಇವರು "ಯಾಕೆ?" ಅಂದರು.

"ಯಾಕೆ ಅಂದ್ರೆ? ಡುಮ್ಮಣ್ಣ ಬರ್ತಿರ್ಲಿಲ್ವಾ?"

"ಅವನನ್ನ ನೀನು ಕರೀತಿರ್ಲಿಲ್ಲ, ಅವನೇ ಬರ್ತಿದ್ದ." ಇಷ್ಟು ಹೇಳಿ ನನ್ನ ಕೈಗಳನ್ನು ನೋಡಿದರು. ಬಚ್ಚಿಟ್ಟದ್ದು ಏನಾದರೂ ಇದೆಯಾ ಎಂದು ನೋಡುವಾಗ ಮೊದಲು ಕೈ ನೋಡುವುದು ಇವರ ಪದ್ಧತಿ. ನನ್ನ ಕೈಯಲ್ಲಿ ಸಿಪ್ಪೆ ತೆಗೆಯುತ್ತಿದ್ದ ಆಲೂಗಡ್ಡೆ ಇತ್ತು.

ಅವಳು ಬರುವ ದಿನ ಬೀರುವಿನಲ್ಲಿದ್ದ ಒಳ್ಳೆಯ ಬಟ್ಟೆಯನ್ನೆಲ್ಲ ಹಾಸಿಗೆಯ ಮೇಲೆ ಸುರಿದೆ. ಒಂದು ಹಾಕಿದೆ, ತೆಗೆದೆ, ಇನ್ನೊಂದು ಹಾಕಿದೆ. ಹಾಸ್ಟೆಲಿನಿಂದ ಬಂದಿದ್ದ ಮಗಳು ಬಾಗಿಲಲ್ಲಿ ನಿಂತು "ಅಮ್ಮಾ, ಬರ್ತಿರೋದು ಪೊಲೀಸು, ಮದುವೆ ದಿಬ್ಬಣ ಅಲ್ಲ" ಅಂದಳು. ತಲೆಗೊಂದು ಮೊಟಕಿದೆ. ಮೀನು ಹುರಿಯುತ್ತಾ ಅವಳನ್ನು ಹೇಗೆ ಮಾತಾಡಿಸಬೇಕು, ಎಲ್ಲಿ ಹಿಡಿಯಬೇಕು ಎಂದೆಲ್ಲ ಲೆಕ್ಕ ಹಾಕಿದ್ದೆ. ಅವಳು ಸುಂದರಿಯಾಗಿರುತ್ತಾಳೆ ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಬಂದವಳು ಕುಳ್ಳಿ. ಅಗಲ ಭುಜ, ಬಿಸಿಲಿಗೆ ಕಪ್ಪಾದ ಮೂಗು, ಒರಟು ಬೆರಳು. ಮುಖದ ತುಂಬ ನಗು. ನಮಗೆಂದು ಒಂದು ಚೀಲ ಕಿತ್ತಳೆಹಣ್ಣು ತಂದಿದ್ದಳು. ಆ ಚೀಲ ಎಡಗೈಯಲ್ಲಿತ್ತು ಅಕ್ಕಾ. ಬಲಗೈ ಖಾಲಿ. ಇಬ್ಬರೂ ಒಂದೇ ಅಚ್ಚಿನಲ್ಲಿ ಬಿದ್ದವರು! ಒಳಗೆ ಕಾಲಿಟ್ಟವಳೇ ಕಿಟಕಿ ನೋಡಿದಳು, ಮೆಟ್ಟಿಲು ನೋಡಿದಳು, ಅಡುಗೆಮನೆಯ ಹಿಂಬಾಗಿಲು ನೋಡಿದಳು. "ಅದು ಬಚ್ಚಲಾ ಸರ್?" ಅಂದಳು. "ಅಲ್ಲ, ಸಾಮಾನು ಕೋಣೆ. ಬೀಗ ಹಾಕಿರುತ್ತೆ" ಅಂದರು ಇವರು. ಬಂದ ನೆಂಟರಿಗೆ ಮನೆ ತೋರಿಸುವ ರೀತಿಯಾ ಇದು? ಮಗಳು ನನ್ನ ಕಡೆ ನೋಡಿ ತುಟಿ ಕಚ್ಚಿ ನಗು ತಡೆದುಕೊಂಡಳು.

ಊಟ ಎಷ್ಟು ಚೆನ್ನಾಗಿ ನಡೆಯಿತು ಗೊತ್ತಾ! ಇವರು ಎರಡು ಸಲ ಬಡಿಸಿಕೊಂಡರು. "ಮೀನು ಚೆನ್ನಾಗಿದೆ" ಅಂದರು. ನನ್ನ ಅಡುಗೆಯ ರುಚಿಯ ಬಗ್ಗೆ ಇವರ ಬಾಯಿಂದ ಮಾತು ಬಿದ್ದದ್ದೇ ಅಪರೂಪ, ತಿಂದದ್ದು ಏನು ಎಂದು ಕೇಳಿದರೆ ತಟ್ಟೆ ನೋಡಿ ಹೇಳುವವರು. ಡುಮ್ಮಣ್ಣನನ್ನು ಒಂದು ಬಾತುಕೋಳಿ ಅಟ್ಟಿಸಿಕೊಂಡು ಬಂದು ಗಾಡಿಯ ಮೇಲೆ ಹತ್ತಿಸಿದ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದರು. ಇವರ ಕಥೆಗಳು ಯಾವಾಗಲೂ ಗೇಟಿನ ಸದ್ದಿಗೆ ಅರ್ಧಕ್ಕೇ ನಿಂತುಹೋಗುತ್ತವೆ, ಆಮೇಲೆ ಎಲ್ಲಿಗೆ ಬಂದಿದ್ದೆ ಎಂಬುದೇ ನೆನಪಿರುವುದಿಲ್ಲ. ಅವತ್ತು ಬಾತುಕೋಳಿ ಗಾಡಿಯ ಬಾನೆಟ್ಟಿನವರೆಗೂ ಬಂತು. ಮಗಳು ಕುಡಿಯುತ್ತಿದ್ದ ನೀರು ಮೂಗಿಗೆ ಹತ್ತಿತು.

ಇನ್ನೊಂದು ಹೇಳಬೇಕು, ನಗಬೇಡ. ನಾನು ಇವರ ಪಕ್ಕಕ್ಕೆ ತಿರುಗಿ ಬಡಿಸುತ್ತಿದ್ದಾಗ ಇವರು ನನ್ನನ್ನೇ ನೋಡಿ "ಏನೇ, ಕಿವಿ ಹತ್ತಿರ ಇಷ್ಟು ಬೆಳ್ಳಗಾಗಿದೆ? ಯಾವಾಗಾಯ್ತು?" ಅಂದರು.

"ಅಪ್ಪಾ, ಅದು ನಾನು ಕಾಲೇಜು ಸೇರಿದಾಗಿಂದ ಇದೆ" ಅಂದಳು ಮಗಳು.

"ಹೌದಾ? ಚೆನ್ನಾಗಿದೆ" ಅಂದರು.

ಈ ವಯಸ್ಸಿನಲ್ಲಿ ನನ್ನ ಕೆನ್ನೆ ಬಿಸಿಯಾಗಿ, ಲೋಟಕ್ಕೆ ಹಾಕುತ್ತಿದ್ದ ನೀರನ್ನು ಮೇಜಿನ ಮೇಲೆಲ್ಲ ಚೆಲ್ಲಿದೆ. ಅವಳೇ ಎದ್ದು ಬಟ್ಟೆ ತಂದು ಒರೆಸಿದಳು.

ಊಟವಾದ ಮೇಲೆ ಅವಳು ಪಾತ್ರೆ ತೊಳೆಯಲು ಬಂದಳು. ಬೇಡವೆಂದರೂ ಕೇಳಲಿಲ್ಲ. "ಅಕ್ಕಾ, ಓದೋವಾಗ ಕಣ್ಣು ನೋಯುತ್ತೆ, ನನಗೂ ಕನ್ನಡಕ ಬರುತ್ತಾ?" ಅಂದಳು. ಇದೇ ಸಮಯ ಎಂದು ಚೀಲದಿಂದ ಅಳತೆಪಟ್ಟಿ ತೆಗೆದೆ. ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ, ಮೂಗಿನ ಮೇಲೆ ಪಟ್ಟಿ ಹಿಡಿದು "ನನ್ನ ಕಣ್ಣನ್ನೇ ನೋಡು" ಅಂದೆ. ನೋಡಿದಳು. ಒಂದು ಸಲ ಕೂಡ ಆಚೀಚೆ ಹೋಗಲಿಲ್ಲ ಆ ಕಣ್ಣು. ನಾನು ದಿನಾ ಎಷ್ಟು ಕಣ್ಣು ನೋಡುತ್ತೇನೆ, ತಪ್ಪಿತಸ್ಥರ ಕಣ್ಣು ಎದುರಿಗಿದ್ದರೆ ಗೊತ್ತಾಗದೆ ಇರುತ್ತದಾ? ಬೇಕಾದಷ್ಟಕ್ಕಿಂತ ಜಾಸ್ತಿ ಹೊತ್ತು ಹಿಡಿದುಕೊಂಡೆ. ಏನೂ ಸಿಗಲಿಲ್ಲ. ಸ್ವಲ್ಪ ನಿದ್ದೆಗೆಟ್ಟ ಕಣ್ಣು, ಅಷ್ಟೇ.

"ಅಕ್ಕಾ, ನೀವಾದ್ರೂ ಸರ್‌ನ ಸಹಿಸಿಕೊಂಡಿದ್ದೀರ" ಅಂದಳು. "ನಮ್ಮನೆಯವರದು ದಿನಾ ಜಗಳ. ನೀನು ಮದುವೆ ಆಗಿದ್ದು ನನ್ನನ್ನಾ, ನನ್ನ ಹಿಂದಿರೋ ಬಾಗಿಲನ್ನಾ ಅಂತ ಕೇಳ್ತಾರೆ. ಹೋದ ವಾರ ಮುನಿಸಿಕೊಂಡು ತಟ್ಟೆ ತಗೊಂಡು ಹೋಗಿ ಅಂಗಳದಲ್ಲಿ ಊಟ ಮಾಡಿದ್ರು."

ನಾನು ಪಟ್ಟಿ ಕೆಳಗಿಟ್ಟು ನಕ್ಕೆ. ಅವಳೂ ನಕ್ಕಳು. ನೋಡಿಲ್ಲದ ಆ ಮನುಷ್ಯನ ಮೇಲೆ ನನಗೆ ಎಂಥ ಅಕ್ಕರೆ ಬಂತು ಅಂತೀಯ. ಬೇಕರಿಯಲ್ಲಿ ಕೆಲಸವಂತೆ, ಭಾನುವಾರ ರಜೆ ಇಲ್ಲವಂತೆ. ಇದ್ದಿದ್ದರೆ ನಾವಿಬ್ಬರೂ ಅಂಗಳದಲ್ಲಿ ಒಟ್ಟಿಗೆ ಕೂತು ಊಟ ಮಾಡಬಹುದಿತ್ತು.

ಆಮೇಲೆ ಅವಳು ಮಾತಾಡುತ್ತಾ ಹೋದಳು. ನಾನು ಅಂಗಡಿಯ ಮೇಜಿನ ಕೆಳಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಕೂರುವುದು ಅವಳಿಗೆ ಗೊತ್ತು. ನನಗೆ ಹಲ್ಲಿ ಕಂಡರೆ ಆಗದೆಂದು ಗೊತ್ತು. ಬೀಗದ ಕೈಯನ್ನು ನಾನು ಮೊದಲು ತಪ್ಪು ಕಡೆಗೆ ತಿರುಗಿಸಿ ಆಮೇಲೆ ಸರಿ ಕಡೆಗೆ ತಿರುಗಿಸುವುದು, ಆ ಸದ್ದು ಕೇಳಿದರೆ "ಬಂದಳು, ಇನ್ನು ಪರವಾಗಿಲ್ಲ" ಎಂದು ಇವರಿಗೆ ಅನ್ನಿಸುವುದು, ಅದೂ ಗೊತ್ತು. "ಗಾಡಿಯಲ್ಲಿ ಪೂರ್ತಿ ನಿಮ್ಮದೇ ಮಾತು ಅಕ್ಕಾ, ನನಗೆ ಕೇಳಿ ಕೇಳಿ ಸಾಕಾಗಿದೆ" ಅಂದಳು. ನನಗೆ ಖುಷಿಯಾಯಿತು. ಆ ಖುಷಿಯ ಬೆನ್ನಿಗೇ ಹೊಟ್ಟೆಕಿಚ್ಚೂ ಎದ್ದಿತು. ಅದನ್ನು ನನಗೇ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ನನ್ನ ಸುದ್ದಿ ನನಗೆ ತಲುಪಲು ಅವಳು ನಮ್ಮ ಮನೆಗೆ ಊಟಕ್ಕೆ ಬರಬೇಕಾಯಿತಾ?

ಏನೇ ಇರಲಿ, ನನ್ನ ತನಿಖೆ ಮುಗಿಯಿತು. ಅವರಿಬ್ಬರ ನಡುವೆ ನಾನು ಅಂದುಕೊಂಡದ್ದು ಏನೂ ಇಲ್ಲ. ನಿನ್ನ ತಂಗಿ ಮೂರ್ಖಿ ಎಂದು ಬರೆದು ಸಹಿ ಹಾಕುತ್ತೇನೆ. ಅವಳ ಕನ್ನಡಕ ನಾನೇ ಕೂತು ಮಾಡಿಸುತ್ತಿದ್ದೇನೆ, ಹಗುರವಾದ ಒಳ್ಳೆಯ ಫ್ರೇಮು. ಹೊಲಿಗೆ ಮೆಷಿನ್ನನ್ನು ಮತ್ತೆ ಅದರ ಜಾಗಕ್ಕೆ ಸರಿಸಿಬಿಡು, ಮಂಚ ಬೇಡ. ನಾನು ಬಂದರೆ ಮಂಡಿಗೆ ಎಣ್ಣೆ ತಿಕ್ಕಲು ಬರುತ್ತೇನೆ, ಗಂಟುಮೂಟೆ ಕಟ್ಟಿಕೊಂಡಲ್ಲ.

ಭಾವನಿಗೆ ನನ್ನ ನಮಸ್ಕಾರ. ನಿನ್ನ ಮೊಮ್ಮಗು ಗಟ್ಟಿಮುಟ್ಟಾಗಿ ಬೆಳೆಯಲಿ, ನಿನ್ನ ಮಂಡಿಗೆ ಮೆಟ್ಟಿಲು ಹತ್ತುವ ಬಲ ಬರಲಿ. ನಮಗೆಲ್ಲ ಹೀಗೆಯೇ ಬೈಯುತ್ತಾ ನೂರು ಕಾಲ ಬಾಳು.

ನಿನ್ನ
ಮೆಣಸಿನಕಾಯಿ

ಕವರಿಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಈಗ ಮಧ್ಯಾಹ್ನ. ಬೆಳಿಗ್ಗೆ ಒಂದು ವಿಷಯವನ್ನು ಬೇಕೆಂದೇ ಬಿಟ್ಟು ಬರೆದಿದ್ದೆ.

ಅವತ್ತು ಊಟಕ್ಕೆ ಕೂರುವಾಗ ಅವಳು ಸೀದಾ ಹೋಗಿ ಇವರ ಕುರ್ಚಿಯಲ್ಲಿ ಕೂತಳು, ಬಾಗಿಲಿಗೆ ಮುಖ ಮಾಡಿದ ಕುರ್ಚಿಯಲ್ಲಿ. ಅದು ಅವರದು ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಇವರು ಎದುರಿನ ಕುರ್ಚಿ ಎಳೆದುಕೊಂಡು, ನನ್ನ ಕುರ್ಚಿ ಅಕ್ಕಾ, ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಟ್ಟರು. ದಿನಾ ಅಲ್ಲೇ ಕೂರುವವರ ಹಾಗೆ. ಇಬ್ಬರೂ ಒಂದು ಮಾತಾಡಲಿಲ್ಲ, ಮುಖ ಕೂಡ ನೋಡಿಕೊಳ್ಳಲಿಲ್ಲ. ಊಟದ ಮಧ್ಯೆ, ಅವತ್ತು ತೆರೆದೇ ಇದ್ದ ಬಾಗಿಲನ್ನು ಬಡಿದ ಸದ್ದಾಯಿತು. ಇವರು ತಿರುಗಲಿಲ್ಲ. ಅವಳು ತಲೆಯೆತ್ತಿ "ಪಕ್ಕದ ಮನೆಯವರು ಅನ್ಸುತ್ತೆ, ಏಣಿ ವಾಪಸ್ ತಂದಿದ್ದಾರೆ" ಅಂದಳು, ಇವರು ಮುಳ್ಳು ಬಿಡಿಸುತ್ತಾ ಊಟ ಮುಂದುವರಿಸಿದರು. ಮೀನಿನ ರುಚಿ ಗೊತ್ತಾದದ್ದು, ಬಾತುಕೋಳಿಯ ಕಥೆ ಮುಗಿದದ್ದು, ನನ್ನ ಬಿಳಿಕೂದಲು ಕಂಡದ್ದು, ಎಲ್ಲ ಅದರಿಂದಲೇ. ಅವಳು ಬಾಗಿಲು ನೋಡುತ್ತಿದ್ದಳು, ಅದಕ್ಕೇ ಇವರು ನನ್ನನ್ನು ನೋಡಿದರು. ಸೇತುವೆಯ ಹತ್ತಿರ ಕಣ್ಣು ಮುಚ್ಚಿದ್ದೂ ಹಾಗೇ ಇರಬೇಕು. ಇವರು ಅವಳನ್ನು ಪ್ರೀತಿಸಿದ್ದರೆ ಜಗಳವಾಡಿ ಬಿಡಿಸಿಕೊಳ್ಳುತ್ತಿದ್ದೆ. ಇದನ್ನು ಹೇಗೆ ಬಿಡಿಸಿಕೊಳ್ಳಲಿ?

ಇವತ್ತು ನಾವಿಬ್ಬರೇ. ಮೀನನ್ನೇ ಮಾಡಿದೆ. ಇವರು ಕೈ ತೊಳೆದು ಬರುವಷ್ಟರಲ್ಲಿ ನಾನು ಆ ಕುರ್ಚಿಯಲ್ಲಿ ಕೂತಿದ್ದೆ. "ಇವತ್ತು ಬಾಗಿಲು ನಾನು ನೋಡ್ಕೋತೀನಿ, ನೀವು ಆರಾಮಾಗಿ ಊಟ ಮಾಡಿ" ಅಂದೆ. ಇವರು ನಕ್ಕು, "ಆಯ್ತು ಮೇಡಂ" ಎಂದು ಎದುರಿಗೆ ಕೂತರು. ನಾನು ಬಾಗಿಲನ್ನೇ ನೋಡಿದೆ. ನನ್ನ ತಟ್ಟೆ ಮುಟ್ಟಲಿಲ್ಲ, ರೆಪ್ಪೆ ಹೊಡೆಯಲಿಲ್ಲ. ಚಿಲಕದ ಹತ್ತಿರ ಬಣ್ಣ ಎದ್ದಿರುವುದು, ಕೆಳಗಿನ ಸಂದಿಯಲ್ಲಿ ನೆರಳು ಹಾದುಹೋದದ್ದು, ಬೀದಿಯಲ್ಲಿ ಸೈಕಲ್ಲು ನಿಂತು ಮತ್ತೆ ಹೊರಟದ್ದು, ಒಂದನ್ನೂ ಬಿಡಲಿಲ್ಲ. ಅವಳಿಗಿಂತ ಚೆನ್ನಾಗಿ ಕಾದೆ ಅಕ್ಕಾ, ಆಣೆ ಮಾಡಿ ಹೇಳುತ್ತೇನೆ. ಕಣ್ಣು ತೆಗೆಯದೆಯೇ "ಮೀನು ಹೇಗಿದೆ?" ಎಂದು ಕೇಳಿದೆ. "ಚೆನ್ನಾಗಿದೆ" ಎಂದು ಉತ್ತರ ಬಂತು. ಬಂದದ್ದು ನನ್ನ ಹಿಂದಿನಿಂದ. ತಿರುಗಿ ನೋಡಿದರೆ ಇವರು ಅಡುಗೆಮನೆಯ ಗೋಡೆಗೆ ಬೆನ್ನು ಒತ್ತಿ, ತಟ್ಟೆ ಕೈಯಲ್ಲಿ ಹಿಡಿದು, ನಿಂತುಕೊಂಡು ತಿನ್ನುತ್ತಿದ್ದರು, ಕಣ್ಣು ನನ್ನ ತಲೆಯ ಮೇಲಿಂದ ಬಾಗಿಲ ಕಡೆಗೆ. ತಾವು ಎದ್ದು ಬಂದದ್ದು ಅವರಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ, ನಾನು ನೋಡಿದ್ದು ಕಂಡು ತಬ್ಬಿಬ್ಬಾದರು.

ಹೊಲಿಗೆ ಮೆಷಿನ್ನನ್ನು ವಾಪಸ್ ಸರಿಸಬೇಡ, ಸದ್ಯಕ್ಕೆ ಎಲ್ಲಿದೆಯೋ ಅಲ್ಲೇ ಇರಲಿ. ನನಗೆ ಅಳು ಬಂದದ್ದು ಇವರು ಎದ್ದು ಹೋದದ್ದಕ್ಕಲ್ಲ. ಬಾಗಿಲು ಕಾಯುವುದರಲ್ಲಿ ನಾನು ಎಷ್ಟು ಮುಳುಗಿದ್ದೆನೆಂದರೆ, ಎದುರಿಗೆ ಕೂತಿದ್ದವರು ಎದ್ದು ಹೋದದ್ದು ನನಗೆ ಕಾಣಲೇ ಇಲ್ಲ.